ಎಂಜಿನ್ ಮುಂದಿದ್ದರೂ ಏರಿನಲ್ಲಿ ಮುಂದಿನ ಚಕ್ರ ಜಾರುವುದೇಕೆ?

ಪ್ರಶ್ನೆ: ನನ್ನ ಕಾರಿನ ಎಂಜಿನ್ ಮುಂದಿದೆ, ಎಳೆಯುವುದೂ ಮುಂದಿನ ಚಕ್ರಗಳೇ. ಒಬ್ಬನೇ ಹೋಗುವಾಗ ಮಳೆಗಾಗಲಿ ಕೆಸರಿಗಾಗಲಿ ಹೆದರಿದ್ದಿಲ್ಲ. ಮೊನ್ನೆ ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಒದ್ದೆ ಮಣ್ಣಿನ ಏರು ಹತ್ತುವಾಗ ಮುಂದಿನ ಚಕ್ರ ನಿಂತಲ್ಲೇ ಗಿರಗಿರನೆ ತಿರುಗಿತು. ಹಿಂದೆಯೇ ಬಂದ ಗೆಳೆಯನ ರಿಯರ್ ವೀಲ್ ಡ್ರೈವ್ ಕಾರು, ಅಂದರೆ ಹಿಂದಿನ ಚಕ್ರ ಎಳೆಯುವ ಕಾರು, ಅಷ್ಟೇ ಜನರನ್ನು ಹೊತ್ತು ಸಲೀಸಾಗಿ ಹತ್ತಿಹೋಯಿತು. ‘ಡಿಕ್ಕಿಗೆ ಇನ್ನೊಂದಿಷ್ಟು ಭಾರ ಹಾಕು, ಕಾರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತೆ’ ಅಂದ ಅವನು. ಎಂಜಿನ್ನಿನ ಭಾರ ಎಳೆಯುವ ಚಕ್ರದ ಮೇಲೇ ಇರುವಾಗ ಹೀಗೇಕೆ? ರೇಸ್ ಕಾರುಗಳಲ್ಲಿ ಎಂಜಿನ್ ಹಿಂದಿಡುವುದು ಯಾಕೆ? ಮುಂದಿನ ಸಲ ನಾಲ್ಕೂ ಚಕ್ರ ಎಳೆಯುವ ಆಲ್ ವೀಲ್ ಡ್ರೈವ್ ಕಾರು ತಗೊಂಡರೆ ಎಲ್ಲಾ ಸರಿಹೋಗುತ್ತಾ?

ಉತ್ತರ: ಮೊದಲು ಆ ಡಿಕ್ಕಿಯ ಸಲಹೆಯನ್ನು ಪಕ್ಕಕ್ಕಿಡಿ. ನಿಮ್ಮ ಗೆಳೆಯರ ಕಾರಿಗೆ ಅದು ಸರಿ, ನಿಮ್ಮ ಕಾರಿಗೆ ಪೂರ್ತಿ ಉಲ್ಟಾ. ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಕೂಡುವುದು, ಕಳೆಯುವುದು ಬಂದರೆ ಸಾಕು.

ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದು ಕಡೆಯೂ ಹೆಚ್ಚುಕಡಿಮೆ ಒಂದು ಅಂಗೈ ಅಗಲ. ಓಡುವುದು, ನಿಲ್ಲುವುದು, ತಿರುಗುವುದು ಎಲ್ಲಾ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ. ಹಿಡಿತ ಎಷ್ಟು ಅನ್ನುವುದನ್ನು ಮುಖ್ಯವಾಗಿ ಎರಡು ಸಂಗತಿ ತೀರ್ಮಾನಿಸುತ್ತವೆ. ನೆಲ ಎಷ್ಟು ಜಾರುತ್ತದೆ, ಮತ್ತು ಟೈರಿನ ಮೇಲೆ ಎಷ್ಟು ಭಾರ ಕೂತಿದೆ. ಒಣ ಡಾಂಬರಿನಲ್ಲಿ ಟೈರಿನ ಮೇಲೆ 100 ಕಿಲೋ ಭಾರ ಇದ್ದರೆ ಸುಮಾರು 90 ಕಿಲೋದಷ್ಟು ಎಳೆತ ಸಿಗುತ್ತದೆ ಅಂದುಕೊಳ್ಳಿ. ಒದ್ದೆ ಮಣ್ಣಿನಲ್ಲಿ ಅದು 30 ಕಿಲೋಗೆ ಇಳಿಯಿತು ಅಂತಿಟ್ಟುಕೊಳ್ಳೋಣ. ಸುಲಭವಾಗಲಿ ಅಂತ ಬಲವನ್ನೂ ಕಿಲೋದಲ್ಲೇ ಹೇಳುತ್ತಿದ್ದೇನೆ. ಭೌತಶಾಸ್ತ್ರದ ಮೇಷ್ಟ್ರುಗಳು ಕ್ಷಮಿಸಬೇಕು.

ಈಗ ಒಂದು ಮಾಮೂಲಿ ಕಾರು ತೆಗೆದುಕೊಳ್ಳೋಣ. ಚಾಲಕನೂ ಸೇರಿ 1200 ಕಿಲೋ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.5 ಮೀಟರ್. ಭಾರದ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದೆ. ಎಂಜಿನ್, ಗೇರ್ ಬಾಕ್ಸ್ ಎರಡೂ ಮುಂದಿರುವ ನಿಮ್ಮಂಥ ಕಾರಿನಲ್ಲಿ ಭಾರದ 60 ಪರ್ಸೆಂಟ್, ಅಂದರೆ 720 ಕಿಲೋ, ಮುಂದಿನ ಚಕ್ರಗಳ ಮೇಲಿರುತ್ತದೆ. ಗೆಳೆಯರ ಕಾರಿನಲ್ಲಿ ಎಂಜಿನ್ ಮುಂದೆ, ಎಳೆಯುವ ಆಕ್ಸಲ್, ಅಂದರೆ ಎರಡು ಚಕ್ರಗಳ ನಡುವಿನ ಅಚ್ಚು, ಹಿಂದೆ. ಅಲ್ಲಿ ಭಾರ ಅರ್ಧರ್ಧ, 600-600 ಅನ್ನೋಣ.

ಸಮತಟ್ಟು ಕೆಸರಿನಲ್ಲಿ ಯಾರು ಗೆಲ್ಲುತ್ತಾರೆ? ನೀವೇ. ನಿಮ್ಮ ಎಳೆಯುವ ಚಕ್ರದ ಮೇಲೆ 720, ಅವರದರ ಮೇಲೆ 600. ಇಷ್ಟು ದಿನ ನಿಮಗೆ ಕೆಸರಿನ ಭಯ ಇರಲಿಲ್ಲ ಅಂದಿರಲ್ಲ, ಅದರ ಗುಟ್ಟು ಇಷ್ಟೇ.

ಏರಿಗೆ ಬಂದ ಕೂಡಲೇ ಕಥೆ ಬದಲಾಗುತ್ತದೆ. ಕಾರು ಮೂಗು ಮೇಲೆ ಮಾಡಿ ನಿಂತಾಗ ಮುಂದಿನ ಚಕ್ರದ ಭಾರ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. 100 ಮೀಟರ್ ಹೋದರೆ 15 ಮೀಟರ್ ಏರುವ ರಸ್ತೆಯಲ್ಲಿ ಈ ಕಾರಿಗೆ ಸರಿಯುವುದು 40 ಕಿಲೋ. ಖಾಲಿ ಕಾರಿನಲ್ಲಿ ನಿಮ್ಮ ಮುಂದಿನ ಚಕ್ರದ ಮೇಲೆ 680 ಉಳಿಯಿತು. ಒದ್ದೆ ಮಣ್ಣಿನಲ್ಲಿ ಅದರಿಂದ ಸಿಗುವ ಎಳೆತ 204. ಹತ್ತಲು ಬೇಕಾದದ್ದು 1200ರ 15 ಪರ್ಸೆಂಟ್, ಅಂದರೆ 180. ಹತ್ತುತ್ತೀರಿ, ಆದರೆ ಬೆರಳೆಣಿಕೆಯಷ್ಟು ಮಾತ್ರ ಮಿಗುತ್ತದೆ.

ಈಗ ಜನರನ್ನು ಕೂರಿಸಿ. ಪಕ್ಕದ ಸೀಟಿನಲ್ಲಿ ಒಬ್ಬರು, ಹಿಂದೆ ಮೂವರು, ಡಿಕ್ಕಿಯಲ್ಲಿ 70 ಕಿಲೋ ಸಾಮಾನು, ಒಟ್ಟು 350 ಕಿಲೋ. ಇದರಲ್ಲಿ ಮುಂದಿನ ಚಕ್ರಕ್ಕೆ ಬರುವುದು ಸುಮಾರು 60 ಮಾತ್ರ. ಮಿಕ್ಕ 290 ಹಿಂದಿನ ಚಕ್ರಕ್ಕೆ. ಕಾರಿನ ತೂಕ 1550 ಆಯಿತು, ಹತ್ತಲು ಬೇಕಾದ ಬಲ 232 ಆಯಿತು. ಮುಂದಿನ ಚಕ್ರದ ಮೇಲೆ 780, ಏರಿನಲ್ಲಿ 51 ಹಿಂದಕ್ಕೆ ಸರಿದರೆ 729. ಎಳೆತ 219. ಬೇಕಾದದ್ದು 232, ಇರುವುದು 219. ಚಕ್ರ ಜಾರಿತು, ಅಷ್ಟೇ. ಎಂಜಿನ್ನಿನಲ್ಲಿ ಎಷ್ಟು ಕಸುವಿದ್ದರೂ ಇಲ್ಲಿ ಉಪಯೋಗಕ್ಕೆ ಬರಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಮಣ್ಣನ್ನು ಉಜ್ಜಿ ಇನ್ನಷ್ಟು ನುಣುಪು ಮಾಡುತ್ತದೆ.

ಗೆಳೆಯರ ಕಾರಿಗೆ ಅದೇ ಹೊರೆ ಹಾಕಿ. ಹಿಂದಿನ ಚಕ್ರದ ಮೇಲೆ 890, ಏರು ಕೊಟ್ಟ 51 ಸೇರಿ 941. ಎಳೆತ 282. ಸಲೀಸಾಗಿ ಹತ್ತಿತು ಅಂದಿರಲ್ಲ, ಲೆಕ್ಕವೂ ಹಾಗೇ ಹೇಳುತ್ತದೆ. ಜನ, ಸಾಮಾನು, ಏರು ಮೂರೂ ಸೇರಿ ಅವರ ಕಾರಿಗೆ ಸಹಾಯ ಮಾಡಿದವು. ನಿಮ್ಮ ಕಾರಿಗೆ ಮೂರೂ ಕೈಕೊಟ್ಟವು.

ತಮಾಷೆ ಏನು ಗೊತ್ತಾ? ಅದೇ ಏರನ್ನು ನೀವು ರಿವರ್ಸ್ ಗೇರಿನಲ್ಲಿ ಹತ್ತಿದ್ದರೆ ಬಹುಶಃ ಹತ್ತಿಬಿಡುತ್ತಿದ್ದಿರಿ. ಆಗ ಎಳೆಯುವ ಚಕ್ರಗಳು ಇಳಿಜಾರಿನ ಕೆಳಬದಿಗೆ ಬರುತ್ತವೆ, ಅವುಗಳ ಮೇಲಿನ ಭಾರ 831 ಆಗುತ್ತದೆ, ಎಳೆತ 249. ದಾರಿ ಅಗಲವಾಗಿದ್ದು, ಹಿಂದೆ ಯಾರೂ ಇಲ್ಲದಿದ್ದರೆ ಮಾತ್ರ ಮಾಡುವ ಕೆಲಸ ಇದು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರನ್ನು ಕಡಿದಾದ ಏರಿನಲ್ಲಿ ಹಿಮ್ಮುಖವಾಗಿಯೇ ಹತ್ತಿಸುತ್ತಿದ್ದರು. ಅಲ್ಲಿ ಕಾರಣ ಬೇರೆ. ಪೆಟ್ರೋಲನ್ನು ತಳ್ಳುವ ಪಂಪ್ ಇರಲಿಲ್ಲ, ಅದು ಟ್ಯಾಂಕಿನಿಂದ ತನ್ನಷ್ಟಕ್ಕೆ ಇಳಿದು ಎಂಜಿನ್ನಿಗೆ ಬರಬೇಕಿತ್ತು, ಮೂಗು ಮೇಲಾದರೆ ಬರುತ್ತಿರಲಿಲ್ಲ. ಜೊತೆಗೆ ಅದರ ರಿವರ್ಸ್ ಗೇರ್ ಉಳಿದ ಗೇರುಗಳಿಗಿಂತ ಬಲವಾಗಿತ್ತು.

ಇನ್ನೊಂದು ಮಾತು. ನಿಮ್ಮ ಕಾರಿನಲ್ಲಿ ಮುಂದಿನ ಎರಡೂ ಚಕ್ರ ತಿರುಗಿರಲಿಕ್ಕಿಲ್ಲ, ಒಂದೇ ತಿರುಗಿರಬೇಕು. ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆಗೆ ಡಿಫರೆನ್ಷಿಯಲ್ ಅನ್ನುತ್ತಾರೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ಬಲ ಕೊಡುತ್ತದೆ. ಕೇಳಲು ನ್ಯಾಯವಾಗಿದೆ, ಅಲ್ವಾ? ಆದರೆ ಒಂದು ಚಕ್ರ ಕೆಸರಿನಲ್ಲಿದ್ದು 50 ಕಿಲೋ ಬಲಕ್ಕೇ ಜಾರಿದರೆ, ಗಟ್ಟಿ ನೆಲದಲ್ಲಿರುವ ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ. ಈಗಿನ ಬಹಳಷ್ಟು ಕಾರುಗಳಲ್ಲಿ ಟ್ರಾಕ್ಷನ್ ಕಂಟ್ರೋಲ್ ಜಾರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಆಗ ಎರಡನೇ ಚಕ್ರಕ್ಕೂ ಬಲ ಹೋಗುತ್ತದೆ. ಅದನ್ನು ಆಫ್ ಮಾಡಿ ನೋಡಿ ಅಂತ ಸಲಹೆ ಕೊಡುವವರು ಜಾಸ್ತಿ. ದಪ್ಪ ಮರಳಿನಲ್ಲಿ, ಆಳದ ಕೆಸರಿನಲ್ಲಿ ಚಕ್ರ ತಿರುಗುತ್ತಲೇ ಇರಬೇಕಾಗುತ್ತದೆ, ಅಲ್ಲಿ ಅದು ಕೆಲವೊಮ್ಮೆ ಸರಿ. ನಿಮ್ಮ ಏರಿನಂಥ ಕಡೆ ಬೇಡ.

ಹಾಗಾದರೆ ಮುಂದಿನ ಚಕ್ರ ಎಳೆಯುವ ಕಾರುಗಳೇ ಇಷ್ಟೊಂದು ಯಾಕೆ? ಹಿಡಿತಕ್ಕಾಗಿ ಅಲ್ಲ, ಜಾಗಕ್ಕಾಗಿ. ಫ್ರಾನ್ಸಿನ ಪಾನಾರ್ ಕಂಪನಿ 1891ರಲ್ಲಿ ಎಂಜಿನ್ ಮುಂದೆ, ಎಳೆತ ಹಿಂದೆ ಎಂಬ ಕ್ರಮ ತಂದ ಮೇಲೆ ಹಲವು ದಶಕ ಅದೇ ವಾಡಿಕೆಯಾಯಿತು. ಸಿಟ್ರೊಯೆನ್ 1934ರಲ್ಲಿ ಮುಂದಿನ ಚಕ್ರ ಎಳೆಯುವ ಟ್ರಾಕ್ಷನ್ ಅವಾಂತ್ ಕಾರನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತು. 1959ರಲ್ಲಿ ವಿನ್ಯಾಸಕ ಅಲೆಕ್ ಇಸಿಗೋನಿಸ್ ಬ್ರಿಟನ್ನಿನ ಮಿನಿ ಕಾರಿನ ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿ, ಗೇರ್ ಬಾಕ್ಸನ್ನು ಅದರ ಅಡಿಗೇ ಸೇರಿಸಿಬಿಟ್ಟರು. ಕಾರಿನ ಉದ್ದ ಮೂರು ಮೀಟರಿಗಿಂತ ಸ್ವಲ್ಪ ಜಾಸ್ತಿ, ಆದರೂ ನಾಲ್ಕು ಜನ ಕೂರಬಹುದು. ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ದಂಡ ಇಲ್ಲ, ಕಾಲಿಗೆ ಅಡ್ಡ ಬರುವ ಉಬ್ಬಿಲ್ಲ, ಖರ್ಚೂ ಕಡಿಮೆ. ಮೂಗಿನ ಮೇಲೆ ಭಾರ ಬಿದ್ದು ಕೆಸರಿನಲ್ಲಿ ಹಿಡಿತ ಸಿಕ್ಕಿದ್ದು ಪುಕ್ಕಟೆ ಲಾಭ.

ನಷ್ಟ ಕಾಣುವುದು ಕಸುವು ಜಾಸ್ತಿಯಾದಾಗ. ಕಾರು ಜೋರಾಗಿ ಮುಂದೆ ನುಗ್ಗಿದಾಗಲೂ, ಏರಿನಲ್ಲಿ ಆದಂತೆಯೇ, ಭಾರ ಹಿಂದಕ್ಕೆ ಸರಿಯುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವುದಿಲ್ಲವೇ, ಹಾಗೆ. ನಮ್ಮ 1200 ಕಿಲೋ ಕಾರಿಗೆ ಬೇಕಾದಷ್ಟು ಕಸುವಿದೆ, ಟೈರಿನ ಹಿಡಿತವೊಂದೇ ಮಿತಿ ಅಂದುಕೊಂಡು ಒಣ ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರ್ ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿದೆ. ನಿಮ್ಮ ಮಾದರಿಗೆ 6.3 ಸೆಕೆಂಡ್. ಗೆಳೆಯರ ಮಾದರಿಗೆ 5. ಎಂಜಿನ್ ಹಿಂದೆಯೇ ಇದ್ದು 60 ಪರ್ಸೆಂಟ್ ಭಾರ ಹಿಂದಿನ ಚಕ್ರದ ಮೇಲಿದ್ದರೆ 4.2. ನಾಲ್ಕೂ ಚಕ್ರ ಎಳೆದರೆ 3.1. ದಿನನಿತ್ಯದ ಕಾರುಗಳು ಈ ಮಿತಿಯ ಹತ್ತಿರವೂ ಹೋಗುವುದಿಲ್ಲ, ಹಾಗಾಗಿ ಅಲ್ಲಿ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ತುಂಬ ಕಸುವಿನ ಕಾರುಗಳು ಹಿಂದಿನ ಚಕ್ರಕ್ಕೋ ನಾಲ್ಕೂ ಚಕ್ರಕ್ಕೋ ಹೋಗುವುದು ಇದೇ ಕಾರಣಕ್ಕೆ.

ಹಾಗಂತ ರಿಯರ್ ವೀಲ್ ಡ್ರೈವ್ ಎಲ್ಲ ಕಡೆಯೂ ಮೇಲು ಅಂದುಕೊಳ್ಳಬೇಡಿ. ಹಿಮದ ಮೇಲೆ ಜೋರಾಗಿ ನುಗ್ಗಲು ಆಗುವುದೇ ಇಲ್ಲ. ನುಗ್ಗದಿದ್ದರೆ ಭಾರ ಹಿಂದಕ್ಕೆ ಸರಿಯುವುದೂ ಇಲ್ಲ. ನಿಂತಾಗ ಯಾವ ಚಕ್ರದ ಮೇಲೆ ಎಷ್ಟಿತ್ತೋ ಅಷ್ಟೇ. ಖಾಲಿ ಪಿಕಪ್ ಗಾಡಿ ನೋಡಿ. ಎಂಜಿನ್ ಮುಂದೆ, ಎಳೆತ ಹಿಂದೆ, ಹಿಂದಿನ ತೊಟ್ಟಿಯಲ್ಲಿ ಏನೂ ಇಲ್ಲ. ಜಾರು ನೆಲದಲ್ಲಿ ಅದರಷ್ಟು ಪರದಾಡುವ ಗಾಡಿ ಇನ್ನೊಂದಿಲ್ಲ, ಅದಕ್ಕೇ ಹಿಂದೆ ಮರಳಿನ ಮೂಟೆ ಹಾಕುತ್ತಾರೆ. ನಿಮ್ಮ ಗೆಳೆಯರ ಡಿಕ್ಕಿ ಸಲಹೆ ಹುಟ್ಟಿದ್ದೂ ಇಂಥ ಕಡೆಯೇ ಇರಬೇಕು.

ಇಷ್ಟು ಹೊತ್ತು ನೇರ ದಾರಿಯ ಮಾತಾಯಿತು. ತಿರುವಿನಲ್ಲಿ ವಿಷಯ ಇನ್ನೂ ಸ್ವಾರಸ್ಯ.

ಟೈರಿನ ಹಿಡಿತ ತಿಂಗಳ ಸಂಬಳ ಇದ್ದ ಹಾಗೆ. ತಿರುಗಲು ಖರ್ಚು ಮಾಡಿದರೆ ಎಳೆಯಲು ಉಳಿಯುವುದು ಕಡಿಮೆ. ಆದರೆ ಲೆಕ್ಕ ಸಂಬಳದಷ್ಟು ನೇರ ಅಲ್ಲ, ಸ್ವಲ್ಪ ಉದಾರ. ಎಳೆತ ಮುಂದಕ್ಕೆ, ತಿರುವಿನ ಬಲ ಪಕ್ಕಕ್ಕೆ ಇರುವುದರಿಂದ, ತಿರುವಿಗೆ 80 ಪರ್ಸೆಂಟ್ ಖರ್ಚಾದ ಮೇಲೂ ಎಳೆಯಲು 60 ಪರ್ಸೆಂಟ್ ಉಳಿದಿರುತ್ತದೆ. ಪೂರ್ತಿ 100 ಖರ್ಚಾದರೆ ಮಾತ್ರ ಏನೂ ಉಳಿಯದು. ನಿಮ್ಮ ಕಾರಿನಲ್ಲಿ ಮುಂದಿನ ಎರಡು ಟೈರುಗಳು ತಿರುಗಿಸಬೇಕು, ಎಳೆಯಬೇಕು, ಬ್ರೇಕಿನ ಬಹುಪಾಲು ಹೊರಬೇಕು, ಎಂಜಿನ್ನಿನ ಭಾರವನ್ನೂ ಹೊರಬೇಕು. ಹಿಂದಿನ ಟೈರುಗಳು ಸುಮ್ನೆ ಹಿಂಬಾಲಿಸುತ್ತವೆ. ಮುಂದಿನವು ಬೇಗ ಸವೆಯುವುದು ನೀವೂ ಗಮನಿಸಿರುತ್ತೀರಿ.

ಇದರ ಜೊತೆ ಟೈರಿನ ಇನ್ನೊಂದು ಸ್ವಭಾವ ಸೇರಿಕೊಳ್ಳುತ್ತದೆ. ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಆದರೆ ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲ ಭಾರದಷ್ಟೇ ಬೆಳೆಯುತ್ತದೆ. ಹಾಗಾಗಿ ಹೆಚ್ಚು ಭಾರ ಹೊತ್ತ ತುದಿಯೇ ತಿರುವಿನಲ್ಲಿ ಮೊದಲು ಸೋಲುವ ಕಡೆಗೆ ವಾಲುತ್ತದೆ. ಮುಂಭಾಗ ಮೊದಲು ಸೋತರೆ ಸ್ಟೀರಿಂಗ್ ತಿರುಗಿಸಿದರೂ ಕಾರು ಅಷ್ಟು ತಿರುಗದೆ ಹೊರಕ್ಕೆ ಹೋಗುತ್ತದೆ. ಇದು ಅಂಡರ್‌ಸ್ಟಿಯರ್. ಹಿಂಭಾಗ ಸೋತರೆ ಬಾಲ ಹೊರಕ್ಕೆ ಬೀಸಿಕೊಂಡು ಹೋಗುತ್ತದೆ. ಅದು ಓವರ್‌ಸ್ಟಿಯರ್. ಮನೆಮಂದಿ ಓಡಿಸುವ ಕಾರುಗಳನ್ನು ಬೇಕೆಂದೇ ಅಂಡರ್‌ಸ್ಟಿಯರ್ ಕಡೆಗೆ ಇಡುತ್ತಾರೆ. ಯಾಕೆಂದರೆ ಹೆದರಿದ ಚಾಲಕ ಮೊದಲು ಮಾಡುವುದು ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು. ಕಾಲು ತೆಗೆದರೆ ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟೈರಿಗೆ ಹಿಡಿತ ಮರಳುತ್ತದೆ, ಕಾರು ಮತ್ತೆ ಮಾತು ಕೇಳುತ್ತದೆ. ಹೆದರಿಕೆ ಮಾಡಿಸುವ ಕೆಲಸವೇ ಇಲ್ಲಿ ಸರಿಯಾದ ಕೆಲಸ. ಇದಕ್ಕಿಂತ ಒಳ್ಳೆಯ ಗುಣ ಬೇಕಾ?

ಎಂಜಿನ್ ಹಿಂದಿನ ಆಕ್ಸಲಿನ ಆಚೆಗಿರುವ ಕಾರಿನಲ್ಲಿ ಅದೇ ಕೆಲಸ ಕೈಕೊಡುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥದ್ದೊಂದು ಹಳೆಯ ಕಾರನ್ನು ಒದ್ದೆ ರಸ್ತೆಯಲ್ಲಿ ಓಡಿಸುತ್ತಿದ್ದೆ. ತಿರುವು ನಾನು ಅಂದುಕೊಂಡದ್ದಕ್ಕಿಂತ ಬಿಗಿಯಾಗಿತ್ತು. ಥಟ್ಟನೆ ಕಾಲು ತೆಗೆದೆ. ಭಾರ ಮುಂದಕ್ಕೆ ಸರಿಯಿತು, ಹಿಂದಿನ ಟೈರುಗಳ ಹಿಡಿತ ಸಡಿಲವಾಯಿತು, ಆದರೆ ಹಿಂದೆ ಎಂಜಿನ್ ಎಂಬ ಕಲ್ಲುಗುಂಡು ಹೊರಕ್ಕೆ ಬೀಸುತ್ತಲೇ ಇತ್ತು. ಎರಡು ಸೆಕೆಂಡಿನಲ್ಲಿ ನಾನು ಬಂದ ದಾರಿಯನ್ನೇ ನೋಡುತ್ತಾ ನಿಂತಿದ್ದೆ. ಎದುರು ಯಾರೂ ಬರಲಿಲ್ಲ, ಅದು ನನ್ನ ಅದೃಷ್ಟ. ಇಂಥ ಕಾರಿಗೆ ತಿರುವಿನ ಮೊದಲೇ ವೇಗ ಇಳಿಸಬೇಕು, ತಿರುವಿನೊಳಗೆ ಆಕ್ಸಿಲರೇಟರನ್ನು ಹದವಾಗಿ ಒತ್ತಿ ಹಿಡಿಯಬೇಕು.

ಆದರೂ 1963ರಲ್ಲಿ ತೋರಿಸಿದ 911 ಕಾರಿನ ಎಂಜಿನ್ನನ್ನು ಪೋರ್ಷೆ ಇವತ್ತಿಗೂ ಹಿಂದೆಯೇ ಇಟ್ಟಿದೆ. ಹಟ ಅಂತಲೂ ಅನ್ನಬಹುದು. ಅಗಲವಾದ ಹಿಂದಿನ ಟೈರು, ಬದಲಾದ ಸಸ್ಪೆನ್ಷನ್, ಎಲೆಕ್ಟ್ರಾನಿಕ್ ಕಾವಲು ಎಲ್ಲಾ ಸೇರಿ ಅದರ ಬಾಲವನ್ನು ಬಹುಮಟ್ಟಿಗೆ ಪಳಗಿಸಿವೆ. ಲಾಭವೂ ಇದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ನಮ್ಮ ಲೆಕ್ಕದ ಕಾರಿನಲ್ಲಿ 238 ಕಿಲೋ ಮುಂದಕ್ಕೆ ಸರಿಯುತ್ತದೆ. ನಿಮ್ಮ ಮಾದರಿಯಲ್ಲಿ ಆಗ ಮುಂದೆ 958, ಹಿಂದೆ ಬರೀ 242. ಎಂಜಿನ್ ಹಿಂದಿರುವ ಮಾದರಿಯಲ್ಲಿ ಮುಂದೆ 718, ಹಿಂದೆ 482. ನಾಲ್ಕೂ ಟೈರು ಕೆಲಸ ಹಂಚಿಕೊಳ್ಳುತ್ತವೆ.

ಈಗ ರೇಸ್ ಕಾರು. ಅಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದೆ ಇದ್ದರೂ ಹಿಂದಿನ ಆಕ್ಸಲಿಗಿಂತ ಮುಂದೆ ಇರುತ್ತದೆ. ಅಂದರೆ ನಡುವೆ. ಭಾರದ ಪಾಲು ಎಷ್ಟು ಅನ್ನುವುದು ಅರ್ಧ ಉತ್ತರ ಮಾತ್ರ. ಭಾರ ನಡುಮಧ್ಯಕ್ಕೆ ಎಷ್ಟು ಹತ್ತಿರ ಇದೆ ಅನ್ನುವುದು ಇನ್ನರ್ಧ. ಉದ್ದನೆಯ ಗಳದ ಎರಡು ತುದಿಗೂ ಒಂದೊಂದು ಕೊಡ ನೀರು ಕಟ್ಟಿ, ಹೆಗಲ ಮೇಲಿಟ್ಟುಕೊಂಡು ಗಕ್ಕನೆ ತಿರುಗಲು ನೋಡಿ. ತಿರುಗುವುದೂ ನಿಧಾನ, ತಿರುಗಲು ಶುರುವಾದ ಮೇಲೆ ನಿಲ್ಲಿಸುವುದೂ ಕಷ್ಟ. ಅದೇ ಎರಡು ಕೊಡವನ್ನು ಎದೆಗೆ ಅವುಚಿಕೊಂಡರೆ ಸಲೀಸು. ಎಂಜಿನ್ ನಡುವೆ ಇರುವ ಕಾರು ಸ್ಟೀರಿಂಗ್ ಅಂದ ಕೂಡಲೇ ತಿರುಗುತ್ತದೆ. ಆದರೆ ಹಿಡಿತ ತಪ್ಪಿದರೆ ಅಷ್ಟೇ ಬೇಗ ಗಿರಕಿ ಹೊಡೆಯುತ್ತದೆ. ಎಚ್ಚರಿಕೆ ಕೊಟ್ಟು ಜಾರುವ ಸ್ವಭಾವ ಅದಕ್ಕೆ ಕಡಿಮೆ. ಹಿಂದಿನ ಸೀಟಿಗೆ ಜಾಗವೂ ಇರುವುದಿಲ್ಲ.

ಜರ್ಮನಿಯ ಆಟೋ ಯೂನಿಯನ್ 1930ರ ದಶಕದಲ್ಲೇ ಇಂಥ ರೇಸ್ ಕಾರು ಓಡಿಸಿತ್ತು. ಫಾರ್ಮುಲಾ ಒನ್‌ನಲ್ಲಿ ಬದಲಾವಣೆ ತಂದದ್ದು ಕೂಪರ್ ಎಂಬ ಸಣ್ಣ ಬ್ರಿಟಿಷ್ ತಂಡ. 1959ರಲ್ಲಿ ಜ್ಯಾಕ್ ಬ್ರಾಭಮ್ ಆ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದರು. ಎಂಜಿನ್ ಮುಂದಿದ್ದ ಕಾರು ಚಾಂಪಿಯನ್‌ಷಿಪ್ ರೇಸೊಂದನ್ನು ಕೊನೆಯದಾಗಿ ಗೆದ್ದದ್ದು 1960ರಲ್ಲಿ, ಇಟಲಿಯಲ್ಲಿ.

ಆಲ್ ವೀಲ್ ಡ್ರೈವ್ ವಿಷಯಕ್ಕೆ ಬರುತ್ತೇನೆ. 1980ರಲ್ಲಿ ಆಡಿ ಕ್ವಾಟ್ರೊ ಬಂದ ಮೇಲೆ ಕಾರು ರ‍್ಯಾಲಿ ಸ್ಪರ್ಧೆಗಳ ಜಗತ್ತು ಮೊದಲಿನಂತೆ ಉಳಿಯಲಿಲ್ಲ ಅನ್ನುವುದು ನಿಜ. ನಿಮ್ಮ ಏರಿನಲ್ಲಿ ನಾಲ್ಕೂ ಚಕ್ರ ಎಳೆದರೆ ಇಡೀ 1550 ಕಿಲೋ ಕೆಲಸಕ್ಕೆ ಬರುತ್ತದೆ. ಎಳೆತ 465, ಬೇಕಾದದ್ದರ ಎರಡರಷ್ಟು. ಜನ ಎಲ್ಲಿ ಕೂತರೂ ಚಿಂತೆಯಿಲ್ಲ. ಆದರೆ ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಕ್ಕೇ ಇರುತ್ತದೆ. ನಿಲ್ಲಿಸುವಾಗ ಈ ಕಾರಿಗೆ ಒಂದು ಕಿಲೋ ಹಿಡಿತವೂ ಜಾಸ್ತಿ ಸಿಗುವುದಿಲ್ಲ. 60 ಕಿಲೋಮೀಟರ್ ವೇಗದಿಂದ ಒಣ ರಸ್ತೆಯಲ್ಲಿ 16 ಮೀಟರಿನಲ್ಲಿ ನಿಲ್ಲುವ ಕಾರು ನಿಮ್ಮ ಒದ್ದೆ ಮಣ್ಣಿನ ಸಮತಟ್ಟಿನಲ್ಲಿ 47 ಮೀಟರ್ ಜಾರುತ್ತದೆ. ಅದೇ ಏರನ್ನು ಇಳಿಯುವಾಗ 94 ಮೀಟರ್. ಎಳೆಯುವ ಚಕ್ರ ಎರಡಿರಲಿ ನಾಲ್ಕಿರಲಿ, ಲೆಕ್ಕ ಒಂದೇ. ಹತ್ತುವಾಗ ಸಿಕ್ಕ ಧೈರ್ಯವನ್ನು ಇಳಿಯುವಾಗಲೂ ನಂಬಿಕೊಂಡವರೇ ಚರಂಡಿಗೆ ಬೀಳುವುದು.

ಆಲ್ ವೀಲ್ ಡ್ರೈವ್ ಎಂಬ ಹೆಸರಿನಲ್ಲೂ ಹಲವು ಬಗೆ. ಅಡ್ಡ ಎಂಜಿನ್ ಇರುವ ಬಹಳಷ್ಟು ಕಾರುಗಳಲ್ಲಿ ಮಾಮೂಲಿಯಾಗಿ ಎಳೆಯುವುದು ಮುಂದಿನ ಚಕ್ರವೇ. ಅದು ಜಾರಿದಾಗ ಅಥವಾ ಜಾರಬಹುದು ಅಂತ ಕಂಪ್ಯೂಟರಿಗೆ ಅನ್ನಿಸಿದಾಗ ಕ್ಲಚ್ ಒಂದು ಹಿಂದಿನ ಚಕ್ರಗಳನ್ನೂ ಸೇರಿಸಿಕೊಳ್ಳುತ್ತದೆ. ಲಿವರ್ ಎಳೆದು ಹಾಕುವ ಹಳೆಯ ಬಗೆಯ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳು ಗಟ್ಟಿಯಾಗಿ ಜೋಡಿಯಾಗುತ್ತವೆ. ಅದನ್ನು ಒಣ ಡಾಂಬರಿನಲ್ಲಿ ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಜಾರಲು ಮಣ್ಣಿಲ್ಲದಿದ್ದರೆ ಆ ತಿಕ್ಕಾಟವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ವರ್ಷಕ್ಕೆ ಒಂದೆರಡು ಸಲ ಇಂಥ ಏರು ಸಿಗುವುದಾದರೆ ಆಲ್ ವೀಲ್ ಡ್ರೈವ್‌ಗೆ ದುಡ್ಡು ಸುರಿಯುವ ಬದಲು ಒಳ್ಳೆಯ ಟೈರಿಗೆ ಹಾಕಿ ಅನ್ನುತ್ತೇನೆ. ಟೈರು ಹತ್ತುವುದಕ್ಕೂ ಆಗುತ್ತದೆ, ನಿಲ್ಲುವುದಕ್ಕೂ ಆಗುತ್ತದೆ. ವಾರವಾರವೂ ಸಿಗುವುದಾದರೆ ಮಾತು ಬೇರೆ, ಧಾರಾಳವಾಗಿ ತಗೊಳ್ಳಿ. ಎಲೆಕ್ಟ್ರಿಕ್ ಕಾರು ನೋಡುತ್ತಿದ್ದರೆ ಅಲ್ಲಿ ಈ ಲೆಕ್ಕವೇ ಬೇರೆಯಾಗಿಬಿಟ್ಟಿದೆ. ಬಹುತೇಕ ಕಾರುಗಳಲ್ಲಿ ಬ್ಯಾಟರಿ ನೆಲದಡಿ ಹರಡಿಕೊಂಡಿರುತ್ತದೆ, ಭಾರದ ಕೇಂದ್ರ ತಗ್ಗಿನಲ್ಲಿರುತ್ತದೆ, ಮೋಟಾರು ಚಿಕ್ಕದು. ಮುಂದೆ ಇಡಲೇಬೇಕಾದ ಭಾರದ ಎಂಜಿನ್ನೇ ಇಲ್ಲ ಅಂದ ಮೇಲೆ ಮುಂದಿನ ಚಕ್ರದಿಂದ ಎಳೆಸುವ ಅಗತ್ಯವೂ ಕಡಿಮೆ. ಬೀಟಲ್‌ನಲ್ಲಿ ಎಂಜಿನ್ ಹಿಂದಿಟ್ಟಿದ್ದ ಫೋಕ್ಸ್‌ವ್ಯಾಗನ್ 1974ರಲ್ಲಿ ಗಾಲ್ಫ್ ಕಾರಿಗೆ ಅದನ್ನು ಮುಂದಕ್ಕೆ ತಂದಿತು, ಈಗ ಐಡಿ.3 ಎಲೆಕ್ಟ್ರಿಕ್ ಕಾರಿನಲ್ಲಿ ಮೋಟಾರನ್ನು ಮತ್ತೆ ಹಿಂದಿನ ಚಕ್ರಕ್ಕೇ ಕೊಟ್ಟಿದೆ.

ಇನ್ನು ನಿಮ್ಮ ಡಿಕ್ಕಿ. ಅದು ಹಿಂದಿನ ಚಕ್ರಕ್ಕಿಂತ ಹಿಂದಿದೆ. ಆಕ್ಸಲಿನಿಂದ ಅರ್ಧ ಮೀಟರ್ ಆಚೆ 60 ಕಿಲೋ ಇಟ್ಟರೆ ಹಿಂದಿನ ಚಕ್ರದ ಮೇಲೆ 72 ಕಿಲೋ ಏರುತ್ತದೆ, ಮುಂದಿನ ಚಕ್ರದಿಂದ 12 ಕಿಲೋ ಇಳಿಯುತ್ತದೆ. ತಕ್ಕಡಿಯ ಹಾಗೆ. ಮುಂದಿನ ಸಲ ಅದೇ ಏರಿನಲ್ಲಿ ಚಕ್ರ ಜಾರಿದರೆ ಹಿಂದಿನ ಸೀಟಿನ ಮೂವರನ್ನು ಇಳಿಸಿ, ಪಕ್ಕದವರು ಕೂತೇ ಇರಲಿ. ಬೇಕಾದ ಬಲ 201ಕ್ಕೆ ಇಳಿಯುತ್ತದೆ, ಎಳೆತ 208 ಇರುತ್ತದೆ. ಮಿಗುವುದು ಬರೀ 7, ಹಾಗಾಗಿ ಸಮತಟ್ಟಿನಿಂದಲೇ ಸ್ವಲ್ಪ ಓಟ ಹಿಡಿದು, ಎರಡನೇ ಗೇರಿನಲ್ಲಿ, ನಡುವೆ ನಿಲ್ಲಿಸದೆ ಹತ್ತಿ. ಇಳಿದವರು ಕಾರಿನ ಹಿಂದೆ ನಿಲ್ಲುವುದು ಬೇಡ, ಪಕ್ಕದಲ್ಲಿ ನಡೆದು ಬರಲಿ.